ವಿರುದ್ಧ ಬಿದ್ದ ಮತ

ಫೆಬ್ರವರಿ 6

ನಾಲ್ಕಕ್ಕೆ ಒಂದು. ಆ ಒಂದು ನಾನೇ.

ಕೇಂದ್ರ ಬ್ಯಾಂಕಿನ ಬಡ್ಡಿ ಸಮಿತಿಗೆ ಸೇರಿದ ಮೇಲೆ ಇದು ನನ್ನ ಎರಡನೆಯ ಸಭೆ. ಕಾಲೇಜಿನಿಂದ ಬಂದ ಮೇಡಂ, ಒಂದೆರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ಪಾಪ, ಅವರಿಗೆ ನನ್ನ ಪರಿಚಯವಿಲ್ಲ.

ಇವರ ವಾದ ಇಷ್ಟೇ. ಬೆಲೆಗಳು ಏರುತ್ತಿವೆ, ಆದ್ದರಿಂದ ಬಡ್ಡಿ ಏರಿಸೋಣ. ಸಾಲ ದುಬಾರಿಯಾದರೆ ಜನ ಕೊಳ್ಳುವುದನ್ನು ಕಡಿಮೆ ಮಾಡುತ್ತಾರೆ, ಬೆಲೆ ತಣ್ಣಗಾಗುತ್ತದೆ. ಸರಿ, ಬೆಲೆ ಏರಿರುವುದಾದರೂ ಯಾಕೆ? ಅಲ್ಲೆಲ್ಲೋ ಯುದ್ಧವಾಗಿ ಜಲಮಾರ್ಗ ಮುಚ್ಚಿದೆ. ಹಡಗುಗಳು ಅರ್ಧ ಭೂಮಿ ಸುತ್ತಿಕೊಂಡು ಬರುತ್ತಿವೆ. ಎಣ್ಣೆ, ಗೋಧಿ, ಕಾಗದ ಎಲ್ಲವೂ ತಡ, ಎಲ್ಲವೂ ದುಬಾರಿ. ನಾವು ಇಲ್ಲಿ ಬಡ್ಡಿ ಏರಿಸಿದರೆ ಅಲ್ಲಿ ಹಡಗಿನ ಕಪ್ತಾನ ಹೆದರಿಕೊಂಡು ಬೇಗ ಬರುತ್ತಾನೆಯೇ? ಇದನ್ನೇ ಕೇಳಿದೆ. ಯಾರೂ ನಗಲಿಲ್ಲ. ಚೆನ್ನಾಗಿತ್ತು ಆ ಮಾತು, ನಗಬೇಕಿತ್ತು.

ಇಲ್ಲಿ ಒಂದು ಪದ್ಧತಿ ಇದೆ. ಎಲ್ಲರಿಗಿಂತ ಹೊಸಬರು ಮೊದಲು ಮಾತಾಡಬೇಕು, ಅಧ್ಯಕ್ಷರು ಕಟ್ಟಕಡೆಗೆ. ದೊಡ್ಡವರು ಮೊದಲೇ ಬಾಯಿಬಿಟ್ಟರೆ ಉಳಿದವರು ಹೂಂಗುಟ್ಟಿ ಮುಗಿಸುತ್ತಾರೆ ಎಂಬ ಲೆಕ್ಕಾಚಾರ. ಹಾಗಾಗಿ ನಾನು ಮೊದಲು ಮಾತಾಡಿದೆ. ನನ್ನ ನಂತರ ಗಡ್ಡದ ಮೇಷ್ಟ್ರು, ಅವರೂ ನನ್ನ ಹಾಗೆ ಹೊರಗಿನ ಸದಸ್ಯರು. ಆಮೇಲೆ ಇಬ್ಬರು ಉಪಾಧ್ಯಕ್ಷರು. ಒಬ್ಬಾಕೆ ಅಂಕಿಅಂಶ ನೋಡುವವರು, ಇನ್ನೊಬ್ಬರು ಬ್ಯಾಂಕುಗಳನ್ನು ನೋಡುವವರು. ಕೊನೆಗೆ ಅಧ್ಯಕ್ಷರು. ನಾನು ಮನಸ್ಸಿನಲ್ಲೇ ಅವರಿಗೆ ಮಂಜುಗಡ್ಡೆ ಎಂದು ಹೆಸರಿಟ್ಟಿದ್ದೇನೆ. ಪ್ರಶ್ನೆ ಕೇಳಿದರೆ ಮೊದಲು ಕನ್ನಡಕ ತೆಗೆದು ಟೈ ತುದಿಯಿಂದ ಒರೆಸುತ್ತಾರೆ. ಆ ಒರೆಸುವಿಕೆ ಮುಗಿಯುವಷ್ಟರಲ್ಲಿ ಕೇಳಿದವರಿಗೆ ಪ್ರಶ್ನೆ ಮರೆತುಹೋಗಿರುತ್ತದೆ.

"ಮೇಡಂ, ನಾಳೆ ಬೆಲೆ ಏರುತ್ತೆ ಅಂತ ಜನ ನಂಬಿಬಿಟ್ರೆ, ಹಡಗು ಬಂದ್ರೂ ಬೆಲೆ ಇಳಿಯಲ್ಲ" ಎಂದರು.

"ಆ ನಂಬಿಕೇನ ಕಣ್ಣಾರೆ ಕಂಡೋರು ಯಾರಿದ್ದಾರೆ ಸಾರ್?" ಎಂದೆ.

ಮತ್ತೆ ಕನ್ನಡಕ ಒರೆಸಿದರು. ಮನೆಗೆ ಬಂದು ನಮ್ಮವರಿಗೆ, ಇವತ್ತು ನಾನೇ ಮೊದಲು ಮಾತಾಡಿದೆ ಎಂದಷ್ಟೇ ಹೇಳಿದೆ; ಮತದ ವಿಷಯ ಅವರಿಗೂ ಹೇಳುವಂತಿಲ್ಲ. ಮೂವತ್ತು ವರ್ಷ ಹಲ್ಲು ಕಿತ್ತ ಮನುಷ್ಯ. "ನಾಲ್ಕು ಜನದ ಎದುರಿಗೆ ಬಾಯಿ ತೆಗೆದ್ಯಲ್ಲ, ನನ್ನ ಕುರ್ಚೀಲಿ ಕೂತಾಗ ಮಾತ್ರ ಯಾಕೆ ತೆಗೀತಿರ್ಲಿಲ್ಲ?" ಎಂದರು. ನನಗೆ ಇವತ್ತು ಬಹಳ ಖುಷಿಯಾಗಿದೆ.


ಫೆಬ್ರವರಿ 20

ಸಭೆಯ ವರದಿ ಇವತ್ತು ಹೊರಬಿತ್ತು. ನಿರ್ಧಾರ, ಮತಗಳ ಲೆಕ್ಕ ಸಭೆಯ ದಿನವೇ ಹೊರಗೆ ಬರುತ್ತದೆ; ಯಾರು ಯಾವ ಕಡೆ ಎಂದು ಮಾತ್ರ ವರದಿ ಬರುವವರೆಗೆ ನಾವು ಯಾರಿಗೂ ಹೇಳುವಂತಿಲ್ಲ. ಹಾಗೆಯೇ ಸಭೆಗೆ ಮುಂಚಿನ ವಾರವೂ ಮೌನ; ಹೆಂಡತಿ, ಗಂಡ, ಅಣ್ಣತಮ್ಮ ಯಾರ ಜೊತೆಗೂ ಬಡ್ಡಿಯ ಮಾತೆತ್ತುವಂತಿಲ್ಲ. ಹಿಂದೆ ಮುಂದೆ ಎರಡೂ ಕಡೆ ಬಾಯಿಗೆ ಬಟ್ಟೆ.

ಎಲ್ಲ ಪತ್ರಿಕೆಗಳಲ್ಲೂ ನನ್ನ ಫೋಟೊ. ಒಂದರಲ್ಲಂತೂ ಯಾರನ್ನೋ ಹೊಡೆಯಲು ಹೊರಟವಳ ಹಾಗೆ ಕಾಣುತ್ತೇನೆ. ತಂಗಿ ಬೆಳಿಗ್ಗೆಯೇ ಫೋನು ಮಾಡಿದಳು. "ಅಕ್ಕ, ನೀನೊಬ್ಳೇ ನೋಡೇ ನಮ್ಮಂಥೋರ ಪರ ನಿಂತಿದ್ದು! ನಮ್ಮ ಹುಡುಗೀರಿಗೆಲ್ಲ ಪೇಪರ್ ತೋರಿಸ್ದೆ. ಗೋಡೆಗೆ ಅಂಟಿಸ್ತೀನಿ."

ತಂಗಿಗೆ ರಟ್ಟಿನ ಪೆಟ್ಟಿಗೆಯ ಕಾರ್ಖಾನೆ ಇದೆ. ಬೂಟು, ಬಿಸ್ಕತ್ತು, ಔಷಧಿ ಎಲ್ಲಕ್ಕೂ ಅವಳದೇ ಪೆಟ್ಟಿಗೆ. ಗಂಡ ಬಿಟ್ಟುಹೋದ ಮೇಲೆ ಒಂದು ಶೆಡ್ಡಿನಲ್ಲಿ ಶುರುಮಾಡಿ ಈಗ ಇಪ್ಪತ್ತಕ್ಕೂ ಹೆಚ್ಚು ಹೆಂಗಸರಿಗೆ ಕೆಲಸ ಕೊಟ್ಟಿದ್ದಾಳೆ. ಹೋದ ವರ್ಷ ಎರಡನೆಯ ಯಂತ್ರ ತಂದಳು, ಬ್ಯಾಂಕಿನ ಸಾಲದಲ್ಲಿ. ನಾವು ಬಡ್ಡಿ ಏರಿಸಿದಾಗಲೆಲ್ಲ ಅವಳ ಕಂತೂ ಏರುತ್ತದೆ. ಹಾಗೆಂದು ನಾನು ಅವಳಿಗಾಗಿ ಮತ ಹಾಕಿದ್ದಲ್ಲ. ಇದನ್ನು ಬರೆದಿಡುತ್ತೇನೆ, ಯಾರೂ ಕೇಳಿಲ್ಲದಿದ್ದರೂ.


ಏಪ್ರಿಲ್ 9

ಮತ್ತೆ ಏರಿಸಿದರು. ಮತ್ತೆ ನಾಲ್ಕಕ್ಕೆ ಒಂದು. ಮೂರ್ಖರು.


ಏಪ್ರಿಲ್ 24

ಹಣಕಾಸು ಮಂತ್ರಿ ಸಭೆಯೊಂದರಲ್ಲಿ ನನ್ನನ್ನು ಹೊಗಳಿದ್ದಾರೆ. "ಆ ಕಟ್ಟಡದಲ್ಲಿ ಜನರ ಹೊಟ್ಟೆ ಅರ್ಥವಾಗುವುದು ಒಬ್ಬರಿಗೆ ಮಾತ್ರ" ಎಂದರಂತೆ. ರಾಜಕಾರಣಿಯ ಮಾತು, ಕಿವಿಗೆ ಹಾಕಿಕೊಳ್ಳಬಾರದು. ಆದರೂ ಆ ಸುದ್ದಿಯನ್ನು ಎರಡು ಸಲ ಓದಿದೆ.

ಗಡ್ಡದ ಮೇಷ್ಟ್ರು ಮೊಗಸಾಲೆಯಲ್ಲಿ ಸಿಕ್ಕು, "ಏನ್ ಮೇಡಂ, ಈಗ ನೀವು ಸ್ಟಾರು" ಎಂದರು. ಒಳ್ಳೆಯ ಮನುಷ್ಯ, ಆದರೆ ಬೆನ್ನುಮೂಳೆಯ ಜಾಗದಲ್ಲಿ ರಬ್ಬರು. ಊಟದ ಮೇಜಿನಲ್ಲಿ ಒಂದು ಹೇಳುತ್ತಾರೆ, ಸಭೆಯಲ್ಲಿ ಇನ್ನೊಂದು.


ಜೂನ್ 12

ಮಂಜುಗಡ್ಡೆಯ ಅವಧಿ ಮುಗಿಯಿತು. ಸರ್ಕಾರ ಮುಂದುವರಿಸಲಿಲ್ಲ. ಮುಂದಿನ ವಸಂತಕ್ಕೆ ಚುನಾವಣೆ. ಬಡ್ಡಿ ಏರಿಸುವ ಮನುಷ್ಯ ಯಾರಿಗೆ ಬೇಕು?

ಸಂಜೆ ನನ್ನ ಕೋಣೆಗೆ ಬಂದರು. ಕುರ್ಚಿ ತೋರಿಸಿದೆ, ಕೂರಲಿಲ್ಲ. ಕಿಟಕಿಯ ಹತ್ತಿರ ನಿಂತು ಕೆಳಗೆ ಟ್ರಾಮು ಹೋಗುವುದನ್ನೇ ನೋಡುತ್ತಿದ್ದರು. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡು ನಾನೂ ಮನಸ್ಸಿನಲ್ಲಿ ಸೊಂಟ ಕಟ್ಟಿ ಕೂತೆ.

"ಏಪ್ರಿಲ್‌ದು ಒಂದು ಜಾಸ್ತಿ ಆಯ್ತೇನೋ ಮೇಡಂ" ಎಂದರು. "ಹಡಗಿನ ವಿಷಯ ನೀವು ಹೇಳಿದ್ದರಲ್ಲಿ ಹುರುಳಿತ್ತು."

ಚೂಪಾದ ಮಾತುಗಳನ್ನು ಎಷ್ಟೆಲ್ಲ ಮಸೆದು ಇಟ್ಟುಕೊಂಡಿದ್ದೆ! ಒಂದೂ ಉಪಯೋಗಕ್ಕೆ ಬರಲಿಲ್ಲ. ತಪ್ಪು ಒಪ್ಪಿಕೊಂಡವನ ಜೊತೆ ಜಗಳವಾಡುವುದು ಹೇಗೆ? ಕಾಫಿ ತರಿಸಲೇ ಎಂದು ಕೇಳಿದೆ. ಬೇಡ ಎಂದು ಹೊರಟುಹೋದರು. ಮನುಷ್ಯ ಕಡೆಗೂ ನನಗೆ ಗೆಲ್ಲುವ ಸುಖ ಕೊಡಲಿಲ್ಲ.


ಜುಲೈ 15

ಜಲಮಾರ್ಗ ತೆರೆದು ಎರಡು ತಿಂಗಳಾಯಿತು. ಎಣ್ಣೆ ಇಳಿದಿದೆ, ಗೋಧಿ ಇಳಿದಿದೆ. ನಾನು ಹೇಳಿದ್ದು ಅಕ್ಷರಶಃ ನಿಜವಾಯಿತು.

ಮಿಕ್ಕ ಬೆಲೆಗಳು ಇನ್ನೂ ಇಳಿದಿಲ್ಲ. ಇಳಿಯುತ್ತವೆ, ಸ್ವಲ್ಪ ಸಮಯ ಬೇಕು.


ಜುಲೈ 27

ಭಾನುವಾರ. ತಂಗಿಯ ಕಾರ್ಖಾನೆಗೆ ಹೋಗಿದ್ದೆ. ರಜಾ ದಿನವೂ ಕೆಲಸ ನಡೆಯುತ್ತಿತ್ತು. ಹೊಸ ಯಂತ್ರ ರಟ್ಟಿನ ಹಾಳೆಗಳನ್ನು ಒಂದೇ ಸಮನೆ ಉಗುಳುತ್ತಿತ್ತು. ಅಂಟಿನ ವಾಸನೆ ಮೂಗಿಗೆ ಬಡಿಯುತ್ತದೆ, ಆದರೆ ಅವಳಿಗೆ ಅದೇ ಅತ್ತರು. ಗೋಡೆಯ ಮೇಲೆ ನನ್ನ ಫೋಟೊ, ಸೊಟ್ಟಗೆ ಅಂಟಿಸಿದ್ದಾಳೆ.

ನಾನಿದ್ದಾಗಲೇ ಬೂಟಿನ ಕಂಪನಿಯವನ ಫೋನು ಬಂತು. ದರ ಹೇಳಿದಳು. ಅವನು ಏನೋ ಕೇಳಿದ. "ಇವತ್ತಿನ ರೇಟ್ ಇದು. ನಾಳೆದು ನಾಳೆ ಫೋನ್ ಮಾಡಿ ಕೇಳಿ" ಎಂದು ಇಟ್ಟುಬಿಟ್ಟಳು.

ಮುಂಚೆ ಅವಳು ಆರು ತಿಂಗಳಿಗೊಮ್ಮೆ ದರಪಟ್ಟಿ ಅಚ್ಚು ಹಾಕಿಸುತ್ತಿದ್ದಳು, ಬಣ್ಣದ ಕಾಗದದಲ್ಲಿ. ಅದೆಲ್ಲಿ ಎಂದೆ.

"ಅಯ್ಯೋ, ಅದನ್ನ ನಿಲ್ಸಿ ಎಷ್ಟೋ ದಿನ ಆಯ್ತು. ಈಗ ಯಾರೂ ಮಾಡಲ್ಲ. ಈ ವರ್ಷ ನಾನೇ ನಾಲ್ಕು ಸಲ ಏರಿಸಿದೀನಿ ಗೊತ್ತಾ? ಯಾರೂ ಚಕಾರ ಎತ್ತಲ್ಲ."

"ರಟ್ಟಿನ ಕಾಗದ ಇಳಿದಿದೆಯಲ್ಲೇ?"

"ಇಳಿದಿದೆ. ನಾಳೆ ಏರುತ್ತೆ. ಹುಡುಗೀರು ತಿಂಗಳು ತಿಂಗಳು ಸಂಬಳ ಜಾಸ್ತಿ ಕೇಳ್ತಾರೆ, ಮನೆ ಬಾಡಿಗೆ ಏರಿತಂತೆ. ಬಾಡಿಗೆಯೋರನ್ನ ಕೇಳಿದ್ರೆ ಎಲ್ಲಾ ಏರಿದೆ ಅಂತಾರೆ. ಎಲ್ರೂ ಏರಿಸ್ತಿರುವಾಗ ನಾನೊಬ್ಳು ಸುಮ್ನಿರೋಕೆ ಪೆದ್ದೀನಾ?"

ಪೆದ್ದಿಯಲ್ಲ. ಅದೇ ತೊಂದರೆ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಬಸ್ಸಿನಲ್ಲಿ ಬರುವಾಗ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಒಂದು ಕಾರ್ಖಾನೆಯಿಂದ ದೇಶವನ್ನು ಅಳೆಯಬಾರದು, ಮೊದಲ ವರ್ಷದ ಹುಡುಗರಿಗೆ ನಾನೇ ಹೇಳಿಕೊಡುವ ಪಾಠ.


ಆಗಸ್ಟ್ 8

ಗೆದ್ದೆ. ಬಡ್ಡಿ ಇಳಿಯಿತು. ಐದಕ್ಕೆ ಸೊನ್ನೆ.

ಹೊಸ ಅಧ್ಯಕ್ಷರು ಮಂತ್ರಿಯ ಕಚೇರಿಯಿಂದ ನೇರವಾಗಿ ಬಂದವರು. ಸದಾ ನಗುಮುಖ, ಎಲ್ಲರ ಹೆಗಲ ಮೇಲೂ ಕೈ. "ಹಳೇ ಕಟ್ಟುಪಾಡೆಲ್ಲ ಯಾಕೆ, ನಾವೆಲ್ಲ ಸ್ನೇಹಿತರು" ಎಂದು ಅವರೇ ಮೊದಲು ಮಾತಾಡಿದರು. ಬಡ್ಡಿ ಇಳಿಸಬೇಕು ಎಂದರು. ಗಡ್ಡದ ಮೇಷ್ಟ್ರು ನಿನ್ನೆಯಷ್ಟೇ ನನ್ನ ಹತ್ತಿರ, ಈ ಸಲ ಹಾಗೇ ಬಿಡೋಣ, ಕಾದು ನೋಡೋಣ ಎಂದಿದ್ದರು. ಇವತ್ತು ಗಡ್ಡ ನೀವಿಕೊಂಡು, "ಅಧ್ಯಕ್ಷರು ಹೇಳಿದ್ದರಲ್ಲಿ ಅರ್ಥವಿದೆ" ಎಂದರು. ಅಂಕಿಅಂಶದ ಉಪಾಧ್ಯಕ್ಷೆ ತಮ್ಮ ಕಾಗದಗಳನ್ನು ಮೂರು ಸಲ ಜೋಡಿಸಿ, ತುಟಿ ಕಚ್ಚಿ, ಸರಿ ಎಂದರು. ನಾನೂ ಸರಿ ಎಂದೆ. ಹೇಳದೆ ಇರಲು ಕಾರಣವೇನಿದೆ? ಒಂದು ಮೆಟ್ಟಿಲು ಇಳಿಸಿದ್ದೇವೆ, ಅಷ್ಟೇ. ಮೊದಲಿನಿಂದ ನಾನು ಹೇಳುತ್ತಿದ್ದುದೇ ಇದು.

ಸಂಜೆ ಮಂತ್ರಿಗಳೇ ಫೋನು ಮಾಡಿದರು. ಅಭಿನಂದನೆ ಹೇಳಿ, "ನಿಮ್ಮಂಥವರು ಇನ್ನೂ ಮೇಲಿನ ಜಾಗದಲ್ಲಿರಬೇಕು" ಎಂದರು. ನಮ್ಮವರು ನಡುಮನೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು. ಫೋನು ಇಟ್ಟ ಮೇಲೆ, "ಗೆದ್ದವಳ ಮುಖ ಹೀಗಿರುತ್ತಾ?" ಎಂದರು. ತಲೆನೋವು ಎಂದೆ.


ಸೆಪ್ಟೆಂಬರ್ 11

ಆಗಸ್ಟ್ ತಿಂಗಳ ಅಂಕಿ ಬಂದಿದೆ. ಎಣ್ಣೆ ಮತ್ತು ಆಹಾರ ತೆಗೆದು ನೋಡಿದರೆ ಬೆಲೆಗಳು ಇನ್ನೂ ಚುರುಕಾಗಿ ಏರಿವೆ. ಬಾಡಿಗೆ, ಕ್ಷೌರ, ಶಾಲೆಯ ಶುಲ್ಕ, ಬಸ್ಸು, ಎಲ್ಲವೂ. ಇವು ಯಾವುವೂ ಹಡಗಿನಲ್ಲಿ ಬರುವುದಿಲ್ಲ. ಕ್ಷೌರಿಕ ಅರ್ಧ ಭೂಮಿ ಸುತ್ತಿಕೊಂಡು ಬರುವುದಿಲ್ಲ.

ಇದರ ಮೇಲೆ ಚುನಾವಣೆಯ ಖರ್ಚು. ತೆರಿಗೆ ಕಡಿತ, ಹೊಸ ರಸ್ತೆ, ಎಲ್ಲರಿಗೂ ಏನಾದರೊಂದು. ಸರ್ಕಾರ ಒಂದು ಕಡೆ ಬೆಂಕಿಗೆ ಸೌದೆ ಒಟ್ಟುತ್ತಿದೆ, ನಮಗೆ ಇನ್ನೊಂದು ಕಡೆ ಗಾಳಿ ಬೀಸಿ ಎನ್ನುತ್ತಿದೆ. ಅಕ್ಟೋಬರಿನಲ್ಲಿ ಮೂರು ಮೆಟ್ಟಿಲು ಒಟ್ಟಿಗೆ ಇಳಿಸುವ ಮಾತು ಆಗಲೇ ಪತ್ರಿಕೆಗಳಲ್ಲಿ ಬಂದಿದೆ. ಯಾರು ಬರೆಸಿದರು ಎಂದು ಊಹಿಸಲು ಪ್ರಾಧ್ಯಾಪಕಿಯೇ ಆಗಬೇಕಿಲ್ಲ.

ತಿಂಡಿ ತಿನ್ನುವಾಗ ನಮ್ಮವರಿಗೆ ವಿವರಿಸುತ್ತಿದ್ದೆ. ನಾಳೆ ಬೆಲೆ ಏರುತ್ತದೆ ಎಂದು ಜನ ನಂಬಿಬಿಟ್ಟರೆ ಆ ನಂಬಿಕೆಯೇ ಬೆಲೆಯನ್ನು ಏರಿಸುತ್ತದೆ, ಆಮೇಲೆ ಹಡಗು ಬಂದರೂ ಇಳಿಯುವುದಿಲ್ಲ ಎಂದೆ. ಶಾಲಿನ ತುದಿಯಿಂದ ಕನ್ನಡಕ ಒರೆಸಿಕೊಳ್ಳುತ್ತಾ ಹೇಳಿದೆ ಎಂದು ನೆನಪು.

"ಇದು ನಿನ್ನ ಮಂಜುಗಡ್ಡೆಯ ಮಾತಲ್ವೇನೇ?" ಎಂದರು.

ಸಿಟ್ಟು ನೆತ್ತಿಗೇರಿತು. ನಾನು ಯಾರ ಮಾತನ್ನೂ ಕಡ ತಂದವಳಲ್ಲ. ಇದು ನನ್ನ ಕಣ್ಣಾರೆ ಕಂಡದ್ದು. ಆಗ ಪರಿಸ್ಥಿತಿ ಬೇರೆ, ಈಗ ಬೇರೆ. ನಾನು ಮಾತ್ರ ಮೊದಲು ಹೇಗಿದ್ದೆನೋ ಈಗಲೂ ಹಾಗೇ ಇದ್ದೇನೆ.


ಸೆಪ್ಟೆಂಬರ್ 28

ತಂಗಿ ಬಂದಿದ್ದಳು. ಇಳಿದುಹೋಗಿದ್ದಾಳೆ, ಕಣ್ಣಿನ ಕೆಳಗೆ ಕಪ್ಪು. ಬೇಸಿಗೆಯಲ್ಲಿ ಆರ್ಡರು ಹರಿದುಬರುತ್ತಿತ್ತು, ಈಗ ಬೂಟಿನವನು ಕೈಕೊಟ್ಟಿದ್ದಾನೆ, ದಿನಕ್ಕೊಂದು ರೇಟು ಹೇಳಿದರೆ ನಾನು ಲೆಕ್ಕ ಹಾಕುವುದು ಹೇಗೆ ಎಂದು. ಸಂಬಳ, ಕಂತು, ಕಾಗದ, ಮೂರೂ ಕಡೆಯಿಂದ ಜಗ್ಗುತ್ತಿವೆ. ಬ್ಯಾಂಕಿನವನು ಖಡಾಖಂಡಿತವಾಗಿ ಹೇಳಿದ್ದಾನಂತೆ: ಅಕ್ಟೋಬರಿನಲ್ಲಿ ಬಡ್ಡಿ ಚೆನ್ನಾಗಿ ಇಳಿದರೆ ಕಂತು ಹೊಂದಿಸಿಕೊಡುತ್ತೇನೆ, ಇಲ್ಲವಾದರೆ ಎರಡನೆಯ ಯಂತ್ರ ನಮ್ಮದು.

"ಯಂತ್ರ ಹೋದ್ರೆ ಎಂಟು ಜನ ಹುಡುಗೀರನ್ನ ಮನೆಗೆ ಕಳಿಸ್ಬೇಕು ಅಕ್ಕ. ಯಾರನ್ನ ಅಂತ ಕಳಿಸ್ಲಿ?"

ನನ್ನ ಹತ್ತಿರ ಇರುವುದನ್ನು ತಗೋ ಎಂದೆ. ಕೆರಳಿದಳು. "ನಿನ್ನ ಉಳಿತಾಯದ ದುಡ್ಡು ತಿನ್ನೋಕೆ ಕಾರ್ಖಾನೆ ಇಟ್ಟಿದೀನಾ? ಬಡ್ಡಿ ಇಳಿದ್ರೆ ಸಾಕು. ಅದು ಹೇಗಿದ್ರೂ ಇಳಿಯುತ್ತೆ, ನೀನಿದೀಯಲ್ಲ."

ಆ 'ನೀನಿದೀಯಲ್ಲ' ಎಂಬುದು ಎದೆಯಲ್ಲಿ ಚುಚ್ಚಿಕೊಂಡು ಕೂತಿದೆ.


ಅಕ್ಟೋಬರ್ 5

ಮೌನದ ವಾರ. ತಂಗಿ ಮತ್ತೆ ಬಂದಳು, ನೆಪಕ್ಕೆ ಒಂದು ಚೀಲ ಹಣ್ಣು ತಂದು.

"ಏನೂ ಹೇಳ್ಬೇಡ. ಸುಮ್ನೆ ತಲೆ ಆಡಿಸು. ಇಳಿಯುತ್ತಾ?"

ಈ ಸಲ ಚಳಿ ಬೇಗ ಶುರುವಾಯಿತು ಎಂದೆ.

"ಅಕ್ಕ!"

ಹೊದಿಕೆಗಳನ್ನು ಬಿಸಿಲಿಗೆ ಹಾಕಬೇಕು ಎಂದೆ.

ನಗು ಬಂತು ಅವಳಿಗೆ. ನನಗೂ ಬಂತು. ಇಬ್ಬರೂ ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕೆವು, ಚಿಕ್ಕವರಿದ್ದಾಗಿನ ಹಾಗೆ. ನಮ್ಮವರು ಏನಾಯಿತೋ ಎಂದು ಓಡಿಬಂದರು. ಅವಳು ಕಣ್ಣೊರೆಸಿಕೊಂಡು, "ಸರಿ ಬಿಡು, ಗೊತ್ತಾಯ್ತು" ಎಂದು ಹಗುರವಾಗಿ ಹೊರಟಳು. ಅವಳಿಗೆ ಏನು ಗೊತ್ತಾಯಿತು? ನಾನು ಏನೂ ಹೇಳಲಿಲ್ಲ. ನಿಯಮ ಮುರಿಯಲಿಲ್ಲ.

ಹಣ್ಣು ಮುಟ್ಟಲು ಮನಸ್ಸಾಗಲಿಲ್ಲ.


ಅಕ್ಟೋಬರ್ 7

ನಾನೇ ತಪ್ಪಿದ್ದರೆ?

ಇಳಿಸಿದರೂ ಬೆಲೆ ತಾನಾಗಿ ತಣ್ಣಗಾದರೆ, ನಾನು ಸುಮ್ಮನೆ ತಂಗಿಯ ಯಂತ್ರ ಕಿತ್ತುಕೊಂಡ ಹಾಗಾಗುತ್ತದೆ. ಇಳಿಸದೆ ಇದ್ದರೆ ಏನಾಗುತ್ತದೆ, ಇಳಿಸಿದರೆ ಏನಾಗುತ್ತದೆ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲು ದೇಶ ಎರಡಿಲ್ಲ. ಇರುವುದು ಒಂದೇ. ಗೊತ್ತಿಲ್ಲದೆಯೇ ನಿರ್ಧಾರ ಮಾಡಬೇಕು, ಆಮೇಲೆ ಗೊತ್ತಿದ್ದವರ ಹಾಗೆ ಬೈಸಿಕೊಳ್ಳಬೇಕು.

ಆದರೆ ಇಷ್ಟು ಗೊತ್ತಿದೆ. ಬೆಲೆ ಓಡಿದರೆ ತಂಗಿ ಅದರ ಹಿಂದೆ ಓಡಬಲ್ಲಳು, ದಿನಕ್ಕೊಂದು ರೇಟು ಹೇಳಬಲ್ಲಳು. ಅವಳ ಹುಡುಗಿಯರು ತಮ್ಮ ಸಂಬಳಕ್ಕೆ ದಿನಕ್ಕೊಂದು ರೇಟು ಹೇಳುವಂತಿಲ್ಲ. ಬೆಲೆಯೇರಿಕೆ ಎಂದರೆ ಯಾರೂ ಮತ ಹಾಕದೆ ವಸೂಲಾಗುವ ತೆರಿಗೆ. ಚುನಾವಣೆ ಮುಗಿಯುವವರೆಗೆ ಸಿಹಿ, ಆಮೇಲೆ ಕಹಿ, ಆ ಕಹಿ ಕುಡಿಯುವವರು ಯಾರೆಂದು ಎಲ್ಲರಿಗೂ ಗೊತ್ತು.


ಅಕ್ಟೋಬರ್ 10

ಎಲ್ಲವನ್ನೂ ಬರೆಯುತ್ತೇನೆ.

ನಗುಮುಖದ ಅಧ್ಯಕ್ಷರು ಕುರ್ಚಿ ಎಳೆದುಕೊಂಡು, "ಸರಿ, ನಾನೇ ಶುರು ಮಾಡ್ತೀನಿ" ಎಂದರು. ಅವರು ಗಂಟಲು ಸರಿಮಾಡಿಕೊಳ್ಳುವ ಮೊದಲೇ ನಾನು ಎದ್ದು ನಿಂತೆ. ಆ ಕೋಣೆಯಲ್ಲಿ ಯಾರೂ ನಿಂತು ಮಾತಾಡುವುದಿಲ್ಲ. ನನಗೂ ನಿಲ್ಲುವ ಉದ್ದೇಶವಿರಲಿಲ್ಲ, ಕಾಲು ತಾನೇ ಎದ್ದಿತು.

"ಕ್ಷಮಿಸಿ. ಹೊಸ ಸದಸ್ಯರು ಮೊದಲು, ಅಧ್ಯಕ್ಷರು ಕೊನೆಗೆ ಮಾತಾಡೋದು ಈ ಸಮಿತಿಯ ಪದ್ಧತಿ. ಸದಸ್ಯರಲ್ಲಿ ಹೊಸಬಳು ನಾನು."

"ಅದು ಬರೀ ಒಂದು ರೂಢಿ ಮೇಡಂ, ನಿಯಮ ಅಲ್ಲ."

"ಈ ಕಟ್ಟಡ ನಿಂತಿರೋದೇ ರೂಢಿ ಮೇಲೆ. ನಿಯಮ ಬೇಕಾದ್ರೆ ನಿಮ್ಮ ಮಂತ್ರಿಗಳು ಒಂದು ದಿನದಲ್ಲಿ ಬದಲಾಯಿಸ್ತಾರೆ."

ನಗು ಮಾಯವಾಯಿತು. ಮೊದಲ ಸಲ ಆ ಮುಖದಲ್ಲಿ ಹಲ್ಲು ಕಾಣಲಿಲ್ಲ. ಕೈಯಿಂದ ಮುಂದುವರಿಸಿ ಎಂದು ಸನ್ನೆ ಮಾಡಿದರು.

ಮಾತಾಡಿದೆ. ಹಡಗಿನ ಕಾಲ ಮುಗಿಯಿತು, ಈಗಿನದು ಬೇರೆ ರೋಗ ಎಂದೆ. ಆಗಸ್ಟಿನಲ್ಲಿ ನಾನೂ ಇಳಿಸಿ ಎಂದದ್ದು ಅವಸರವಾಯಿತು ಎಂದೆ. ನನಗೆ ಗೊತ್ತಿರುವ ಒಂದು ಪೆಟ್ಟಿಗೆ ಕಾರ್ಖಾನೆಯಲ್ಲಿ ಮುಂಚೆ ಆರು ತಿಂಗಳಿಗೆ ಒಂದು ದರ ಇರುತ್ತಿತ್ತು, ಈಗ ದಿನಕ್ಕೊಂದು, ಕಾಗದ ಅಗ್ಗವಾದರೂ ಪೆಟ್ಟಿಗೆ ಅಗ್ಗವಾಗಿಲ್ಲ ಎಂದೆ. ಅಂಕಿಅಂಶದ ಉಪಾಧ್ಯಕ್ಷೆ ತಲೆಯೆತ್ತಿ ನೋಡಿದರು. ಬಡ್ಡಿಯನ್ನು ಇದ್ದಲ್ಲೇ ಇಡಬೇಕು, ಒಂದು ಮೆಟ್ಟಿಲೂ ಇಳಿಸಬಾರದು ಎಂದು ಹೇಳಿ ಕೂತೆ.

ಗಡ್ಡದ ಮೇಷ್ಟ್ರ ಸರದಿ. ಅವರು ಅಧ್ಯಕ್ಷರ ಕಡೆ ನೋಡಿದರು. ಅಧ್ಯಕ್ಷರು ಇನ್ನೂ ಏನೂ ಹೇಳಿರಲಿಲ್ಲ, ಹೂಂಗುಟ್ಟುವುದಾದರೂ ಯಾವುದಕ್ಕೆ? ಗಡ್ಡ ನೀವಿದರು, ನೀರು ಕುಡಿದರು. "ನಂದೂ ಅದೇ. ಇದ್ದಲ್ಲೇ ಇರ್ಲಿ" ಎಂದರು. ಎಷ್ಟು ಮೆಲ್ಲಗೆ ಎಂದರೆ ಬರೆದುಕೊಳ್ಳುವವನು ಮತ್ತೆ ಕೇಳಬೇಕಾಯಿತು. ಎರಡನೆಯ ಸಲ ಗಟ್ಟಿಯಾಗಿ ಹೇಳಿದರು. ಉಪಾಧ್ಯಕ್ಷೆ ತಮ್ಮ ಕಾಗದಗಳನ್ನು ಈ ಸಲ ಜೋಡಿಸಲಿಲ್ಲ, ಓದಿದರು. ಪ್ರತಿಯೊಂದು ಅಂಕಿಯನ್ನೂ ಓದಿ, ಇದ್ದಲ್ಲೇ ಎಂದರು.

ಮೂರಕ್ಕೆ ಎರಡು. ಇಳಿಯಲಿಲ್ಲ.

ಬಾಗಿಲ ಹತ್ತಿರ ಅಧ್ಯಕ್ಷರು, "ನಿಮ್ಮ ಮೇಲೆ ಮಂತ್ರಿಗಳಿಗೆ ಬಹಳ ಭರವಸೆ ಇತ್ತು" ಎಂದರು. "ನನಗೂ ಅವರ ಮೇಲೆ ಇತ್ತು" ಎಂದೆ. ಮೆಟ್ಟಿಲಿಳಿದು ಬೀದಿಗೆ ಬಂದೆ. ಟ್ರಾಮು ಬಂತು, ಹತ್ತಿದೆ. ಕೂತ ಮೇಲೆ ತಂಗಿಯ ಮುಖ ಕಣ್ಣಮುಂದೆ ಬಂತು.


ಅಕ್ಟೋಬರ್ 11

ಬೆಳಿಗ್ಗೆ ತಂಗಿಯ ಫೋನು. ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ನನಗೆ ಸಮಾಧಾನ ಹೇಳಿದಳು.

"ಹೋಗ್ಲಿ ಬಿಡೇ ಅಕ್ಕ. ನೀನೊಬ್ಳು ಎಷ್ಟಂತ ಬಡ್ಕೋತೀಯ? ಆ ಮೂರು ಜನ ಯಾರೋ, ಅವರ ಮನೆ ಹಾಳಾಗ. ನೀನು ಮನಸ್ಸಿಗೆ ಹಚ್ಕೋಬೇಡ. ಬಿ.ಪಿ. ಮಾತ್ರೆ ತಗೊಂಡ್ಯಾ?"

ತಗೊಂಡೆ ಎಂದೆ. ಇನ್ನೇನು ಹೇಳಲಿ? ಎರಡು ವಾರ ಬಾಯಿ ಬಿಡುವಂತಿಲ್ಲ.


ಅಕ್ಟೋಬರ್ 17

ಇವತ್ತು ತಂಗಿ ಸಾರು ಮಾಡಿ ಡಬ್ಬಿಯಲ್ಲಿ ಕಳಿಸಿದ್ದಾಳೆ. ಅಕ್ಕ ಸೋತು ಕೊರಗುತ್ತಿದ್ದಾಳೆ, ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ನಮ್ಮವರ ಹತ್ತಿರ ಹೇಳಿದಳಂತೆ. ನಮ್ಮವರು ಡಬ್ಬಿ ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದರು. ಅವರಿಗೂ ನಾನು ಹೇಳಿಲ್ಲ. ಅವರಿಗೆ ಗೊತ್ತಿದೆ.

"ಹೇಳ್ಬಿಡು" ಎಂದರು.

"ಆಗಲ್ಲ."

"ನಿನ್ನ ತಂಗಿ ಕಣೇ."

"ಅದಕ್ಕೇ ಆಗಲ್ಲ."

ಇವತ್ತು ತಂಗಿಗೆ ಹೇಳಿದರೆ ನಾಳೆ ಇನ್ನೊಬ್ಬರು ತಮ್ಮ ಭಾವಮೈದುನನಿಗೆ ಹೇಳುತ್ತಾರೆ, ಅವನು ಷೇರು ಪೇಟೆಯಲ್ಲಿ ದುಡ್ಡು ಮಾಡಿ ಮನೆ ಕಟ್ಟುತ್ತಾನೆ. ರೂಢಿ ಎಂದು ಎದ್ದು ನಿಂತು ಕೂಗಿದವಳು ನಾನು. ಸಾರು ಉಂಡೆ. ಡಬ್ಬಿ ತೊಳೆದಿಟ್ಟೆ.


ಅಕ್ಟೋಬರ್ 24

ವರದಿ ಹತ್ತು ಗಂಟೆಗೆ ಹೊರಬೀಳುವುದಿತ್ತು. ಪತ್ರಿಕೆಯವರಿಂದ ತಂಗಿಗೆ ಗೊತ್ತಾಗುವುದು ಬೇಡ ಎಂದು ಮೊದಲೇ ಕಾರ್ಖಾನೆಗೆ ಹೋಗಿ ಅವಳ ಕೋಣೆಯಲ್ಲಿ ಕೂತೆ. ಹತ್ತಾಗುವವರೆಗೆ ಅಂಟಿನ ಬೆಲೆ ಮಾತಾಡಿದೆವು. ಹತ್ತಾಯಿತು.

"ಆ ಮೂರು ಜನರಲ್ಲಿ ನಾನೂ ಒಬ್ಬಳು ಕಣೇ" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ಕಾರ್ಖಾನೆಯ ಮಾತನ್ನು ನಾನು ಸಭೆಯಲ್ಲಿ ಎತ್ತಿದ್ದನ್ನೂ ಹೇಳಿದೆ, ಹೇಗಿದ್ದರೂ ವರದಿಯಲ್ಲಿದೆ. ಅವಳು ಕೈಯಲ್ಲಿದ್ದ ಅಳತೆಪಟ್ಟಿಯನ್ನು ನಿಧಾನವಾಗಿ ಮೇಜಿನ ಮೇಲಿಟ್ಟಳು.

"ಎರಡು ವಾರ" ಎಂದಳು. "ಎರಡು ವಾರ ನನ್ ಕೈಲಿ ಸಮಾಧಾನ ಮಾಡಿಸ್ಕೊಂಡ್ಯಲ್ಲ! ಸಾರು ಉಂಡ್ಯಲ್ಲ!"

"ಹೇಳೋ ಹಾಗಿರ್ಲಿಲ್ಲ."

"ಮತ ಏನಾದ್ರೂ ಹಾಕ್ಕೋ. ನನ್ನ ಹತ್ರ ಸೋತೋಳ ಹಾಗೆ ಇದ್ದುಬಿಟ್ಯಲ್ಲ ಅಕ್ಕ, ಅದನ್ನ ಹೇಗೆ ಮರೀಲಿ? ಎದ್ದು ಹೋಗು."

ಎದ್ದು ಬಂದೆ. ಗೋಡೆಯ ಫೋಟೊ ಅವಳು ಹರಿಯಲಿಲ್ಲ. ಹರಿದಿದ್ದರೆ ಚೆನ್ನಾಗಿತ್ತು.

ಸಂಜೆ ಮಂತ್ರಿಯ ಕಚೇರಿಯಿಂದ ಯಾರೋ ಸಣ್ಣ ದನಿಯವನು ಫೋನು ಮಾಡಿ, ಆರೋಗ್ಯದ ಕಾರಣಕ್ಕೆ ನಾನು ಸಮಿತಿಯಿಂದ ಬಿಡುಗಡೆ ಕೋರಿದರೆ ಗೌರವದಿಂದ ಬೀಳ್ಕೊಡುತ್ತಾರೆ ಎಂದ. ಆರೋಗ್ಯ ಗಟ್ಟಿಮುಟ್ಟಾಗಿದೆ, ಅವಧಿ ಇನ್ನೂ ಎರಡು ವರ್ಷ ಇದೆ, ಅಷ್ಟು ದಿನ ನನ್ನ ಮುಖ ನೋಡಲೇಬೇಕು ಎಂದೆ.


ನವೆಂಬರ್ 15

ತಂಗಿಯ ಫೋನು. ಹಲೋ ಇಲ್ಲ, ಹೇಗಿದ್ದೀಯ ಇಲ್ಲ. "ನಾಳೆ ಬೆಳಿಗ್ಗೆ ಯಂತ್ರ ಹೋಗುತ್ತೆ. ಬಂದು ನೋಡು. ನೀನು ನೋಡ್ಲೇಬೇಕು." ಇಟ್ಟಳು.

ಬೇಡ, ಹೋಗಬೇಡ ಎಂದರು ನಮ್ಮವರು. ಹೋಗುತ್ತೇನೆ.


ನವೆಂಬರ್ 16

ಹೋದೆ. ಬ್ಯಾಂಕಿನವನೊಬ್ಬ, ಸಾಗಿಸುವವರು ನಾಲ್ಕು ಜನ. ಬಾಗಿಲು ಚಿಕ್ಕದಾಗಿ ಯಂತ್ರ ಹೊರಬರಲಿಲ್ಲ, ಚೌಕಟ್ಟು ಕಿತ್ತರು. ಕೆಲಸ ಕಳೆದುಕೊಂಡ ಹೆಂಗಸರೂ ಬಂದು ಅಂಗಳದಲ್ಲಿ ನಿಂತಿದ್ದರು. ಅವರಲ್ಲಿ ಒಬ್ಬಳು ನನ್ನನ್ನು ಗುರುತು ಹಿಡಿದು ಮುಖ ತಿರುಗಿಸಿದಳು. ನಾನು ತಿರುಗಿಸಲಿಲ್ಲ. ಎಲ್ಲವನ್ನೂ ನೋಡಿದೆ. ಕಬ್ಬಿಣದ ಕಾಲು ನೆಲದ ಮೇಲೆ ಎಳೆದ ಗೀರನ್ನೂ ನೋಡಿದೆ.

ತಂಗಿ ಪಕ್ಕದಲ್ಲಿ ಬಂದು ನಿಂತಳು. ಯಂತ್ರವನ್ನು ಲಾರಿಗೆ ಕಟ್ಟಿದರು.

"ಡಿಸೆಂಬರ್‌ನಲ್ಲಿ ಮತ್ತೆ ಸಭೆ ಇದೆಯಲ್ಲ" ಎಂದಳು.

"ಇದೆ."

"ಇದನ್ನೆಲ್ಲ ನೋಡಿದ ಮೇಲೂ ಅದನ್ನೇ ಹೇಳ್ತೀಯಾ?"

ಮೌನದ ವಾರ ಇನ್ನೂ ಶುರುವಾಗಿಲ್ಲ. "ಬೆಲೆ ಹೀಗೇ ಓಡ್ತಿದ್ರೆ, ಹೌದು" ಎಂದೆ. "ಅದನ್ನೇ ಹೇಳ್ತೀನಿ. ನಿನ್ನ ಇನ್ನೊಂದು ಯಂತ್ರ ಹೋಗೋದಾದ್ರೂ ಹೇಳ್ತೀನಿ."

ಅವಳು ತಿರುಗಿ ನನ್ನ ಮುಖ ನೋಡಿದಳು.

"ಹಾಗಾದ್ರೆ ಅಳೋದು ನಿಲ್ಸು" ಎಂದಳು. "ನೀನು ಅಳ್ತಾ ನಿಂತ್ರೆ ನಾನು ಯಾರ ಮೇಲೆ ಸಿಟ್ಟು ಮಾಡ್ಕೊಳ್ಳಲಿ?"

ಮುಖ ಮುಟ್ಟಿ ನೋಡಿಕೊಂಡೆ, ಒದ್ದೆಯಾಗಿತ್ತು. ಒರೆಸಿಕೊಂಡು ನೆಟ್ಟಗೆ ನಿಂತೆ. ಆಮೇಲೆ ಅವಳು ಬೈಯಲು ಶುರುಮಾಡಿದಳು. ಹುಟ್ಟಿದಾಗಿನಿಂದ ಇಟ್ಟುಕೊಂಡದ್ದನ್ನೆಲ್ಲ ಸೇರಿಸಿ, ಅಂಗಳದ ಹೆಂಗಸರೆಲ್ಲ ಕೇಳುವ ಹಾಗೆ, ಲಾರಿ ಬೀದಿಯ ತಿರುವು ದಾಟುವವರೆಗೂ ಬಾಯಿತುಂಬ ಬೈದಳು. ಪೂರ್ತಿ ನಿಂತು ಬೈಸಿಕೊಂಡೆ. ಮತ ಮಾತ್ರ ಹಿಂತೆಗೆದುಕೊಳ್ಳಲಿಲ್ಲ.